ಉಳಿ ಬದಲಿಸಿದವರು

ಮೊಬೈಲ್ ಫೋನಿನ ಮೇಲೋ ಕಂಪ್ಯೂಟರಿನ ಮೇಲೋ ಮಕ್ಕಳು ಆಟವಾಡುತ್ತ ಕುಳಿತಿರುವ ದೃಶ್ಯವನ್ನು ಕಾಣದ ಮನೆ ಇಂದು ವಿರಳ. ಆಟ ಸಾಕು, ಪುಸ್ತಕ ಹಿಡಿ ಎಂದು ಗದರುವ ತಂದೆತಾಯಂದಿರೂ ಆ ತೆರೆಯ ಕಡೆಗೆ ಒಮ್ಮೊಮ್ಮೆ ಕಣ್ಣು ಹಾಯಿಸುವುದುಂಟು. ಅಲ್ಲಿ ಒಂದು ಚೆಂಡು ಮೇಲಕ್ಕೆ ಹಾರುತ್ತದೆ, ಗೋಡೆಗೆ ಬಡಿದು ಪುಟಿದು ಕೆಳಗೆ ಬೀಳುತ್ತದೆ, ಬಿದ್ದಾಗ ಸದ್ದಾಗುತ್ತದೆ. ನಿಜವಾದ ಚೆಂಡಿಗಾದರೆ ಇದನ್ನೆಲ್ಲ ಪ್ರಕೃತಿಯೇ ಮಾಡಿಕೊಡುತ್ತದೆ. ತೆರೆಯ ಮೇಲಿನ ಚೆಂಡಿಗೆ ಪ್ರಕೃತಿ ಎಂಬುದಿಲ್ಲ. ಭೂಮಿಯ ಸೆಳೆತವನ್ನೂ ಗೋಡೆಯ ಗಟ್ಟಿತನವನ್ನೂ ನೆರಳು ಬೆಳಕುಗಳನ್ನೂ ಯಾರಾದರೂ ಲೆಕ್ಕಹಾಕಿ ಬರೆದಿಡಬೇಕು. ಸೆಕೆಂಡಿಗೆ 60 ಬಾರಿ ಚಿತ್ರವನ್ನು ಅಳಿಸಿ ಹೊಸದಾಗಿ ಬಿಡಿಸಬೇಕು.

ಪ್ರತಿಯೊಂದು ಆಟಕ್ಕೂ ಈ ಕೆಲಸವನ್ನು ಮೊದಲಿನಿಂದ ಮಾಡುತ್ತ ಕುಳಿತರೆ ಆಯುಷ್ಯವೇ ಸಾಲದು. ಆದುದರಿಂದ ಎಲ್ಲ ಆಟಗಳಿಗೂ ಸಮಾನವಾಗಿ ಬೇಕಾಗುವ ಭಾಗವನ್ನು ಒಮ್ಮೆಗೇ ಕಟ್ಟಿ ಇಟ್ಟುಕೊಳ್ಳುವ ಪದ್ಧತಿ ಬಂದಿತು. ಇದಕ್ಕೆ ಗೇಮ್ ಎಂಜಿನ್ ಎಂದು ಹೆಸರು. ಎಂಜಿನ್ ಎಂದೊಡನೆ ಹೊಗೆಯನ್ನೂ ಗಾಲಿಗಳನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಒಲೆ, ಪಾತ್ರೆ, ರುಬ್ಬುವ ಕಲ್ಲು, ನೀರಿನ ನಲ್ಲಿ ಎಲ್ಲವೂ ಅಣಿಯಾಗಿರುವ ಅಡುಗೆಮನೆ ಎಂದು ತಿಳಿದರೆ ಸಾಕು. ಅಡುಗೆ ಯಾವುದು, ಉಪ್ಪು ಖಾರ ಎಷ್ಟು ಎಂಬುದು ಮಾಡುವವರಿಗೆ ಬಿಟ್ಟದ್ದು.

ನೂರಾರು ಮಂದಿ ಸಂಬಳಗಾರರನ್ನು ಇಟ್ಟುಕೊಂಡ ದೊಡ್ಡ ಸಂಸ್ಥೆಗಳು ತಮ್ಮ ಅಡುಗೆಮನೆಯನ್ನು ತಾವೇ ಕಟ್ಟಿಕೊಳ್ಳಬಲ್ಲವು. ಸ್ವತಂತ್ರ ನಿರ್ಮಾಪಕರ ಮಾತು ಬೇರೆ. ಅಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಚಿತ್ರ, ಸಂಗೀತ, ಕಥೆ, ಲೆಕ್ಕಪತ್ರ ಎಲ್ಲವೂ ಅವರ ತಲೆಯ ಮೇಲೆಯೇ. ಬಂಡವಾಳವೆಂದರೆ ಕೂಡಿಟ್ಟ ಹಣ, ಮತ್ತು ಆ ಹಣ ಕರಗುವವರೆಗಿನ ತಿಂಗಳುಗಳು. ಅಮೆರಿಕದ ಎರಿಕ್ ಬರೋನ್ ಎಂಬವರು ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ನಾಲ್ಕು ವರ್ಷಗಳಿಗೂ ಮೀರಿ ಒಬ್ಬರೇ ಕುಳಿತು ಕಟ್ಟಿದರು. ಆ ಅವಧಿಯಲ್ಲಿ ಹೊಟ್ಟೆಪಾಡಿಗಾಗಿ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸವನ್ನೂ ಮಾಡಿದರು. 2016ರ ಫೆಬ್ರುವರಿಯಲ್ಲಿ ಆಟ ಹೊರಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಅವರು ನಂಬಿದ್ದ ‘ಎಕ್ಸ್‌ಎನ್‌ಎ’ ಎಂಬ ಉಪಕರಣವನ್ನು ಅದರ ಒಡೆಯನಾದ ಮೈಕ್ರೋಸಾಫ್ಟ್ ಸಂಸ್ಥೆ ಅಷ್ಟರಲ್ಲಾಗಲೇ ಕೈಬಿಟ್ಟಿತ್ತು. ಅದೇ ಮಾದರಿಯಲ್ಲಿ ಉತ್ಸಾಹಿಗಳು ಕಟ್ಟಿದ ‘ಮಾನೋಗೇಮ್’ ಎಂಬ ಉಪಕರಣಕ್ಕೆ 2021ರಲ್ಲಿ ಈ ಆಟವನ್ನು ಸಾಗಿಸಬೇಕಾಯಿತು. ಬೆಳೆ ನಿಂತಿರುವಾಗಲೇ ನೆಲವನ್ನು ಬದಲಿಸಿದಂತಹ ಕೆಲಸ ಇದು.

ಸುಲಭವಾದ ಉಪಕರಣವೆಂದರೆ ದುರ್ಬಲವಾದುದು, ಕಲಿಯುವ ಹುಡುಗರಿಗಷ್ಟೇ ತಕ್ಕುದು ಎಂಬ ಭಾವನೆ ಬಲ್ಲವರಲ್ಲಿ ಬಹುಕಾಲ ಇತ್ತು. ಹಾಲೆಂಡಿನ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಹೊರತಂದ ‘ಗೇಮ್ ಮೇಕರ್’ ಅಂತಹ ಒಂದು ಉಪಕರಣ. ಟೋಬಿ ಫಾಕ್ಸ್ ಎಂಬ ಅಮೆರಿಕದ ಯುವ ಸಂಗೀತಗಾರರು ಅದನ್ನೇ ಹಿಡಿದು ‘ಅಂಡರ್‌ಟೇಲ್’ ಎಂಬ ಆಟವನ್ನು 2015ರಲ್ಲಿ ಪ್ರಕಟಿಸಿದರು. ಅದರೊಳಗಿನ ಪ್ರೋಗ್ರಾಮನ್ನು ಬಿಚ್ಚಿ ನೋಡಿದ ನಿಪುಣರು, ಪಾತ್ರಗಳ ಮಾತುಗಳನ್ನು ಹೇಗೆ ಒಂದೇ ಒಂದು ಮಹಾಪಟ್ಟಿಯಲ್ಲಿ ತುರುಕಲಾಗಿದೆ ಎಂದು ತೋರಿಸಿ ನಕ್ಕದ್ದುಂಟು. ಆಟವಾಡಿದವರು ಮಾತ್ರ ಆ ಮಾತುಗಳಿಗೇ ಮನಸೋತರು. ಅಡುಗೆ ರುಚಿಯಾಗಿದ್ದರೆ ಡಬ್ಬಿಗಳ ಸಾಲು ಓರೆಯಾಗಿತ್ತೆಂದು ಊಟಕ್ಕೆ ಬಂದವರು ಆಕ್ಷೇಪಿಸುವುದಿಲ್ಲ.

ಈ ಸುಲಭಮಾರ್ಗವನ್ನು ಜಗತ್ತಿಗೆಲ್ಲ ತೆರೆದ ಕೀರ್ತಿ ‘ಯೂನಿಟಿ’ ಎಂಬ ಎಂಜಿನ್ನಿನದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಮೂವರು ಯುವಕರು ಕೂಡಿ ಕಟ್ಟಿದ ‘ಗೂಬಾಲ್’ ಎಂಬ ಆಟ 2005ರಲ್ಲಿ ಹೊರಬಂದಿತು, ಮಾರಾಟವಾಗಲಿಲ್ಲ. ಆಟ ಸೋತರೂ ಅದನ್ನು ಕಟ್ಟಲು ಮಾಡಿಕೊಂಡಿದ್ದ ಸಲಕರಣೆ ಚೆನ್ನಾಗಿತ್ತು. ಅದನ್ನೇ ಅವರು ಮಾರಾಟಕ್ಕಿಟ್ಟರು. ಸಾಮಾನ್ಯನೂ ಆಟ ಕಟ್ಟುವಂತಾಗಬೇಕು ಎಂಬುದು ಅವರ ಘೋಷಣೆಯಾಗಿತ್ತು. 2009ರಲ್ಲಿ ಬೆಲೆಯಿಲ್ಲದ ಆವೃತ್ತಿಯೊಂದನ್ನೂ ಹೊರತಂದರು. ‘ಮಾನ್ಯುಮೆಂಟ್ ವ್ಯಾಲಿ’, ‘ಹಾಲೋ ನೈಟ್’, ಬೀದಿಬೀದಿಯಲ್ಲಿ ಜನರನ್ನು ಅಲೆಸಿದ ‘ಪೋಕೆಮಾನ್ ಗೋ’ ಎಲ್ಲವೂ ಯೂನಿಟಿಯಲ್ಲಿ ಕಟ್ಟಿದವುಗಳೇ. ವಿದ್ಯಾಲಯಗಳಲ್ಲಿ ಅದನ್ನೇ ಕಲಿಸಿದರು. ಕೆಲಸಕ್ಕೆ ಕರೆಯುವವರು ಅದನ್ನೇ ಕೇಳಿದರು. 2020ರ ಸೆಪ್ಟೆಂಬರಿನಲ್ಲಿ ಕಂಪನಿ ನ್ಯೂಯಾರ್ಕಿನ ಷೇರುಪೇಟೆಯನ್ನು ಪ್ರವೇಶಿಸಿತು. ಷೇರುದಾರರ ಕಣ್ಣು ಆದಾಯದ ಮೇಲೆ ಬೀಳುವುದು ಸಹಜವಷ್ಟೆ.

2023ರ ಸೆಪ್ಟೆಂಬರ್ 12ರಂದು ಕಂಪನಿ ಒಂದು ಪ್ರಕಟಣೆ ಹೊರಡಿಸಿತು. 2024ರ ಜನವರಿ 1ರಿಂದ, ಯೂನಿಟಿಯಲ್ಲಿ ಕಟ್ಟಿದ ಆಟವನ್ನು ಜನರು ತಮ್ಮ ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡಿದಷ್ಟು ಸಲ ನಿರ್ಮಾಪಕರು ಶುಲ್ಕ ತೆರಬೇಕು ಎಂಬುದು ಅದರ ಸಾರ. ಅಗ್ಗದ ಯೋಜನೆಯಲ್ಲಿದ್ದವರಿಗೆ ಒಂದು ಇನ್‌ಸ್ಟಾಲಿಗೆ 20 ಸೆಂಟು. ಆಟವು ಹಿಂದಿನ 12 ತಿಂಗಳಲ್ಲಿ 2 ಲಕ್ಷ ಡಾಲರ್ ಗಳಿಸಿ, ಒಟ್ಟು 2 ಲಕ್ಷ ಇನ್‌ಸ್ಟಾಲುಗಳನ್ನೂ ದಾಟಿದ್ದರೆ ಮಾತ್ರ ಶುಲ್ಕ ಎಂಬ ಷರತ್ತೇನೋ ಇತ್ತು. ಆದರೂ ಲೆಕ್ಕ ಹಾಕಿ ನೋಡಿದವರ ಎದೆ ನಡುಗಿತು. 99 ಸೆಂಟಿಗೆ ಮಾರುವ ಆಟದಲ್ಲಿ ಶೇಕಡ 30ನ್ನು ಅಂಗಡಿಯವರು ಹಿಡಿದುಕೊಂಡರೆ ಉಳಿಯುವುದು ಸುಮಾರು 69 ಸೆಂಟು. ಅದರಲ್ಲಿ 20 ಸೆಂಟು ಎಂಜಿನ್ನಿಗೆ. ಪುಕ್ಕಟೆಯಾಗಿ ಹಂಚಿ, ಜಾಹೀರಾತಿನಿಂದ ಒಬ್ಬೊಬ್ಬ ಆಟಗಾರನ ಮೇಲೆ ಕೆಲವೇ ಸೆಂಟು ಸಂಪಾದಿಸುವವರ ಗತಿಯೇನು? ಆಟ ಜನಪ್ರಿಯವಾದಷ್ಟೂ ನಷ್ಟ! ಇನ್‌ಸ್ಟಾಲುಗಳನ್ನು ಎಣಿಸುವುದು ಕಂಪನಿಯೇ. ಎಣಿಸುವ ಬಗೆಯನ್ನು ಬಹಿರಂಗಪಡಿಸಲಿಲ್ಲ. ಒಬ್ಬನೇ ಅಳಿಸಿ ಮತ್ತೆ ಹಾಕಿಕೊಂಡರೂ ಶುಲ್ಕ ಬೀಳುತ್ತದೆಂದು ಮೊದಲು ಹೇಳಿ, ಮರುದಿನ ಇಲ್ಲವೆಂದಿತು.

ಶುಲ್ಕಕ್ಕಿಂತ ಹೆಚ್ಚಾಗಿ ಜನರನ್ನು ನೋಯಿಸಿದ್ದು ಇನ್ನೊಂದು ಸಂಗತಿ. ಒಂದು ಆವೃತ್ತಿಯನ್ನು ಬಳಸುವವರು ಆ ಆವೃತ್ತಿಯ ಕರಾರುಗಳಿಗೇ ಬದ್ಧರಾಗಿ ಉಳಿಯಬಹುದೆಂದು 2019ರಲ್ಲಿ ಕಂಪನಿಯೇ ಮಾತು ಕೊಟ್ಟಿತ್ತು. ಈಗ ಎಂದೋ ಕಟ್ಟಿ ಮಾರಿದ ಆಟಗಳಿಗೂ ಹೊಸ ಶುಲ್ಕ ಅನ್ವಯಿಸುವಂತಾಯಿತು. ಬಾಡಿಗೆಯ ಮನೆಯಲ್ಲಿ ಹತ್ತು ವರ್ಷ ಇದ್ದು, ಗೋಡೆಗೆ ಮೊಳೆ ಹೊಡೆದು, ಹಿತ್ತಿಲಲ್ಲಿ ಗಿಡ ಹಾಕಿದ ಮೇಲೆ, ಬಂದು ಹೋದ ನೆಂಟರ ತಲೆಯೆಣಿಸಿ ಬಾಡಿಗೆ ವಸೂಲು ಮಾಡುವೆನೆಂದು ಯಜಮಾನ ಹೇಳಿದರೆ ಒಕ್ಕಲಿದ್ದವರಿಗೆ ಏನೆನಿಸುತ್ತದೆ? ಮನೆ ಅನುಕೂಲವಾಗಿಯೇ ಇದೆ. ಆದರೆ ನಾಳೆ ಇನ್ನೇನು ಹೇಳುವನೋ ಎಂಬ ಯೋಚನೆ ಹೊಕ್ಕ ಮೇಲೆ ನಿದ್ರೆ ಬಾರದು. ಬಳಕೆಗೆ ಸುಲಭ ಎಂಬ ಮಾತನ್ನು ಅದುವರೆಗೆ ಎಲ್ಲರೂ ಗುಂಡಿಗಳಿಗೂ ಪಟ್ಟಿಗಳಿಗೂ ಸಂಬಂಧಿಸಿದ್ದೆಂದು ತಿಳಿದಿದ್ದರು. ಕರಾರುಪತ್ರವೂ ಉಪಕರಣದ ಒಂದು ಭಾಗವೇ ಎಂಬುದು ಆ ವಾರ ಅರಿವಾಯಿತು.

ಅಮೆರಿಕದ ‘ಮೆಗಾ ಕ್ರಿಟ್’ ಎಂಬ ಪುಟ್ಟ ಸಂಸ್ಥೆಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಆಂಥನಿ ಜೊವನೆಟ್ಟಿ, ಕೇಸಿ ಯಾನೊ ಎಂಬ ಇಬ್ಬರು ಸ್ನೇಹಿತರು ಇದರ ಸ್ಥಾಪಕರು. ಕಾರ್ಡುಗಳನ್ನು ಹೂಡಿ ಹೋರಾಡುತ್ತ ಗೋಪುರವನ್ನು ಏರುವ ಅವರ ‘ಸ್ಲೇ ದ ಸ್ಪೈರ್’ ಎಂಬ ಆಟ 2017ರ ನವೆಂಬರಿನಲ್ಲಿ ಅಪೂರ್ಣರೂಪದಲ್ಲಿ, 2019ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಹೊರಬಂದು ಅಪಾರ ಖ್ಯಾತಿ ಪಡೆಯಿತು. ಅದರ ಅನುಕರಣೆಯಾಗಿ ಬಂದ ಆಟಗಳಿಗೆ ಲೆಕ್ಕವಿಲ್ಲ. ಎರಡನೆಯ ಆಟವನ್ನು ಅವರು ಯೂನಿಟಿಯಲ್ಲಿ ಆರಂಭಿಸಿದ್ದರು. ಎರಡು ವರ್ಷಗಳಿಗೂ ಮೀರಿದ ಕೆಲಸ ಅದರಲ್ಲಿ ಸೇರಿತ್ತು. ಶುಲ್ಕದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಅವರು ಒಂದು ಬಹಿರಂಗ ಹೇಳಿಕೆ ಕೊಟ್ಟರು. ಈ ನಿಯಮಗಳನ್ನು ಪೂರ್ತಿಯಾಗಿ ಹಿಂತೆಗೆದು, ಮುಂದೆಯೂ ಹೀಗಾಗದಂತೆ ಭರವಸೆ ಕೊಡದಿದ್ದರೆ ಎರಡು ವರ್ಷದ ದುಡಿಮೆಯನ್ನು ಬಿಟ್ಟು ಬೇರೆ ಎಂಜಿನ್ನಿಗೆ ಹೋಗುವುದಾಗಿ ಅದರಲ್ಲಿ ಸಾರಿದರು. ಅದುವರೆಗೆ ಅವರು ಇಂತಹ ಹೇಳಿಕೆಯನ್ನೇ ಕೊಟ್ಟವರಲ್ಲ. ಅದರ ಕೊನೆಯ ವಾಕ್ಯ ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚುಹಾಕುವಂತಹುದಲ್ಲ.

ಕೋಪದಲ್ಲಿ ಆಡಿದ ಮಾತಾದರೂ ಅವರು ನಡೆದುಕೊಂಡ ರೀತಿಯಲ್ಲಿ ವಿವೇಕವಿತ್ತು. ದೊಡ್ಡ ಆಟವನ್ನು ಹೊತ್ತುಕೊಂಡು ಓಡಲಿಲ್ಲ. ಮೂರು ವಾರಗಳ ಗಡುವು ಹಾಕಿಕೊಂಡು, ‘ಗೋಡೋ’ ಎಂಬ ಎಂಜಿನ್ನಿನಲ್ಲಿ ‘ಡ್ಯಾನ್ಸಿಂಗ್ ಡ್ಯೂಯಲಿಸ್ಟ್ಸ್’ ಎಂಬ ಪುಟ್ಟ ಆಟವೊಂದನ್ನು ಕಟ್ಟಿ 2023ರ ಅಕ್ಟೋಬರಿನಲ್ಲಿ ಪುಕ್ಕಟೆಯಾಗಿ ಹಂಚಿದರು. ಹೊಸ ಒಲೆಯ ಮೇಲೆ ಮದುವೆಯ ಅಡುಗೆಗೆ ಮೊದಲು ಮನೆಮಂದಿಗೆ ಉಪ್ಪಿಟ್ಟು ಮಾಡಿ ನೋಡಿದಂತಾಯಿತು. ಪರೀಕ್ಷೆಯಿಂದ ತೃಪ್ತಿಯಾಯಿತೆಂದು ಕಾಣುತ್ತದೆ. 2024ರ ಏಪ್ರಿಲಿನಲ್ಲಿ ‘ಸ್ಲೇ ದ ಸ್ಪೈರ್ 2’ ಎಂಬ ಹೆಸರಿನಿಂದ ಎರಡನೆಯ ಆಟ ಘೋಷಿತವಾದಾಗ ಅದು ಗೋಡೋದಲ್ಲಿ ಬೆಳೆಯುತ್ತಿತ್ತು.

ಗೋಡೋ ಹುಟ್ಟಿದ್ದು ಅರ್ಜೆಂಟೀನಾದ ಬ್ಯುನಸ್ ಐರಿಸ್‌ನಲ್ಲಿ. ಹ್ವಾನ್ ಲಿನಿಯೆಟ್‌ಸ್ಕಿ, ಏರಿಯಲ್ ಮಂಜೂರ್ ಎಂಬ ಇಬ್ಬರು ತಮ್ಮ ಕಸುಬಿಗಾಗಿ ವರ್ಷಾನುಗಟ್ಟಲೆ ಬೆಳೆಸಿದ ಸಲಕರಣೆಯನ್ನು 2014ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಮೂಲ ಪ್ರೋಗ್ರಾಮನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅದರಿಂದ ಕಟ್ಟಿದ ಆಟವನ್ನು ಮಾರಿ ಹಣಮಾಡಬಹುದು. ಯಾರಿಗೂ ಪಾಲು ಕೊಡಬೇಕಾಗಿಲ್ಲ. ಒಮ್ಮೆ ಹೀಗೆ ಕೊಟ್ಟ ಆವೃತ್ತಿಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಸ್ಯಾಮ್ಯುಯೆಲ್ ಬೆಕೆಟ್ ಬರೆದ ನಾಟಕದಲ್ಲಿ ಇಬ್ಬರು ಕಾಯುತ್ತಲೇ ಇರುತ್ತಾರೆ, ಬರಬೇಕಾದವನು ಬರುವುದೇ ಇಲ್ಲ. ಅವನ ಹೆಸರನ್ನೇ ಎಂಜಿನ್ನಿಗೆ ಇಟ್ಟಿದ್ದಾರೆ. ಉಪಕರಣವೆಂಬುದು ಎಂದಿಗೂ ಪೂರ್ಣವಾಗದು, ಏನಾದರೊಂದು ಸೇರಿಸುವ ಆಸೆ ಉಳಿದೇ ಇರುತ್ತದೆ ಎಂಬ ಅರ್ಥದಲ್ಲಿ ಇಟ್ಟ ಹೆಸರು.

ಇದನ್ನು ಸುಲಭವೆನ್ನುವುದು ಏಕೆ? ಯೂನಿಟಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಗಿಗಾಬೈಟುಗಟ್ಟಲೆ ಜಾಗ ಬೇಕು, ಖಾತೆ ತೆರೆಯಬೇಕು. ಗೋಡೋ ಎಂಬುದು ನೂರು ಮೆಗಾಬೈಟಿನ ಆಸುಪಾಸಿನ ಒಂದೇ ಕಡತ. ಖಾತೆಯಿಲ್ಲ, ಹೆಸರು ವಿಳಾಸ ಕೇಳುವುದಿಲ್ಲ, ತೆರೆದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸಕ್ಕೆ ಸಿದ್ಧ. ಆಟದ ಪ್ರತಿಯೊಂದು ವಸ್ತುವೂ ಅದರಲ್ಲಿ ‘ನೋಡ್’ ಎಂಬ ಒಂದು ತುಣುಕು. ಓಡುವ ಹುಡುಗನೆಂದರೆ ಮೇಲೆ ಒಂದು ನೋಡ್. ಅದರ ಮಕ್ಕಳಾಗಿ ಚಿತ್ರಕ್ಕೆ ಒಂದು, ಡಿಕ್ಕಿಯನ್ನು ಅರಿಯಲು ಒಂದು, ಹೆಜ್ಜೆಯ ಸದ್ದಿಗೆ ಒಂದು. ವಂಶವೃಕ್ಷದಂತೆ ಎಲ್ಲವೂ ಎಡಬದಿಯಲ್ಲಿ ಕಾಣುತ್ತಿರುತ್ತದೆ. ಇಡೀ ವೃಕ್ಷವನ್ನು ಒಂದು ‘ಸೀನ್’ ಎಂದು ಉಳಿಸಿಟ್ಟರೆ ಅದನ್ನು ಇನ್ನೊಂದು ವೃಕ್ಷದ ಕೊಂಬೆಯಾಗಿ ಸಿಕ್ಕಿಸಬಹುದು. ಹುಡುಗನನ್ನು ಬೀದಿಯೊಳಗೆ, ಬೀದಿಯನ್ನು ಊರೊಳಗೆ. ಆಜ್ಞೆಗಳನ್ನು ಬರೆಯಲು ‘ಜಿಡಿಸ್ಕ್ರಿಪ್ಟ್’ ಎಂಬ ಭಾಷೆಯುಂಟು. ಶಾಲೆಗಳಲ್ಲಿ ಕಲಿಸುವ ಪೈಥಾನನ್ನು ಬಲ್ಲವರಿಗೆ ಇದು ಒಂದೆರಡು ದಿನದಲ್ಲಿ ಒಗ್ಗುತ್ತದೆ.

ಇನ್ನೊಂದು ಅನುಕೂಲವನ್ನು ಹೊರಗಿನವರು ಗಮನಿಸುವುದೇ ಇಲ್ಲ. ಯೂನಿಟಿಯಲ್ಲಿ ಒಂದು ಸಾಲನ್ನು ತಿದ್ದಿದರೆ ಎಂಜಿನ್ ಸಾಮಾನ್ಯವಾಗಿ ಎಲ್ಲವನ್ನೂ ಮತ್ತೆ ಜೋಡಿಸಿಕೊಳ್ಳುವವರೆಗೆ ಕಾಯಬೇಕು. ಕೆಲಸ ದೊಡ್ಡದಾದಷ್ಟೂ ಕಾಯುವುದು ಹೆಚ್ಚು. ಒಂದು ಸಲಕ್ಕೆ 10 ಸೆಕೆಂಡು, ದಿನಕ್ಕೆ 200 ಸಲ ಎಂದಿಟ್ಟುಕೊಂಡರೆ ಅರ್ಧ ಗಂಟೆಗೂ ಮೀರಿತು. ಸಮಯಕ್ಕಿಂತ ಹೆಚ್ಚಾಗಿ ಹಾಳಾಗುವುದು ಮನಸ್ಸಿನ ಏಕಾಗ್ರತೆ. ಪದ್ಯ ಬರೆಯುವವನ ಮುಂದೆ ಪ್ರತಿ ಸಾಲಿಗೂ ಕರೆಗಂಟೆ ಬಾರಿಸಿದಂತೆ. ಜಿಡಿಸ್ಕ್ರಿಪ್ಟಿನಲ್ಲಿ ತಿದ್ದಿದ್ದು ಬಹುಮಟ್ಟಿಗೆ ಆ ಕ್ಷಣವೇ ನಡೆಯುತ್ತದೆ. ಒಬ್ಬರೇ ದುಡಿಯುವವರಿಗೆ ಇದು ಸಣ್ಣ ಲಾಭವಲ್ಲ.

ಹಾಗೆಂದು ಬದಲಾವಣೆ ಹೂವಿನ ಹಾಸಿಗೆಯಲ್ಲ. ಚಿತ್ರ, ಸಂಗೀತ, ಕಥೆ, ಆಟದ ನಿಯಮಗಳು ಇವೆಲ್ಲ ಹೆಚ್ಚು ತೊಂದರೆಯಿಲ್ಲದೆ ಜೊತೆಗೆ ಬರುತ್ತವೆ. ಬರೆದ ಪ್ರೋಗ್ರಾಮು ಬರುವುದಿಲ್ಲ. ಗೋಡೋದಲ್ಲಿಯೂ ಯೂನಿಟಿಯ ಸಿ ಶಾರ್ಪ್ ಭಾಷೆಯನ್ನೇ ಬಳಸಲು ಸಾಧ್ಯವಿದೆಯಾದರೂ ಎಂಜಿನ್ನಿಗೆ ಕೊಡುವ ಆಜ್ಞೆಗಳೆಲ್ಲ ಬೇರೆ. ಬೆಳಕು ನೆರಳುಗಳನ್ನು ಹೊಸದಾಗಿ ಹೊಂದಿಸಬೇಕು. ಯೂನಿಟಿಯ ಅಂಗಡಿಯಲ್ಲಿ ಹಣಕೊಟ್ಟು ಕೊಂಡ ಸಿದ್ಧ ಸಾಮಗ್ರಿಗಳಲ್ಲಿ ಪ್ರೋಗ್ರಾಮಿನ ಭಾಗ ಅಲ್ಲಿಯೇ ಉಳಿಯುತ್ತದೆ. ದಿಕ್ಕುಗಳು ಸಹ ಅದಲುಬದಲು! ಚಪ್ಪಟೆ ಚಿತ್ರದ ಆಟಗಳಲ್ಲಿ ಯೂನಿಟಿಗೆ ಮೇಲ್ಮುಖವಾದುದು ಗೋಡೋಗೆ ಕೆಳಮುಖ. ಹಳೆಯ ಅಂಕಿಗಳನ್ನು ಹಾಗೆಯೇ ತಂದಿಟ್ಟರೆ ನೆಗೆಯಬೇಕಾದ ಕಪ್ಪೆ ನೆಲದೊಳಕ್ಕೆ ಹೋಗುತ್ತದೆ. ಇನ್ನು ಟೆಲಿವಿಷನ್ನಿಗೆ ಸಿಕ್ಕಿಸಿ ಆಡುವ ಪ್ಲೇಸ್ಟೇಷನ್, ನಿಂಟೆಂಡೋ ಮುಂತಾದ ಪೆಟ್ಟಿಗೆಗಳ ತೊಡಕು ಬೇರೆಯೇ ಇದೆ. ಅವುಗಳ ಒಳಗುಟ್ಟನ್ನು ಬಯಲುಮಾಡುವುದಿಲ್ಲವೆಂದು ಬರೆದುಕೊಟ್ಟವರಿಗೆ ಮಾತ್ರ ಕಂಪನಿಗಳು ವಿವರ ಕೊಡುತ್ತವೆ. ಎಲ್ಲವನ್ನೂ ಬಯಲಿನಲ್ಲಿಟ್ಟ ಗೋಡೋ ಅದನ್ನು ತನ್ನೊಳಗೆ ಸೇರಿಸಿಕೊಳ್ಳುವಂತಿಲ್ಲ. ಗೋಡೋದ ಹಳಬರೇ 2022ರಲ್ಲಿ ಸ್ಥಾಪಿಸಿದ ‘ಡಬ್ಲ್ಯು4 ಗೇಮ್ಸ್’ನಂತಹ ಸಂಸ್ಥೆಗಳ ನೆರವನ್ನು ಪಡೆಯಬೇಕಾಗುತ್ತದೆ.

ಫಿನ್ಲೆಂಡಿನ ಆಂಟಿ ಲೀನೋನೆನ್ ಎಂಬವರ ಮುಂದೆ ಈ ತೊಡಕುಗಳು ಬಹುಪಾಲು ಒಟ್ಟಿಗೆ ಬಂದು ನಿಂತವು. ಫಿನ್ಲೆಂಡ್ ಮತ್ತು ರಷ್ಯಗಳ ಗಡಿಯಲ್ಲಿ ನಡೆಯುವ ‘ರೋಡ್ ಟು ವೋಸ್ಟೋಕ್’ ಎಂಬ ಆಟವನ್ನು ಅವರು ಒಬ್ಬರೇ ಯೂನಿಟಿಯಲ್ಲಿ ಕಟ್ಟುತ್ತಿದ್ದರು. ಅದು ಮೂರು ಆಯಾಮದ ಆಟ. ಕಾಡು, ಕಟ್ಟಡ, ಬಂದೂಕು, ಹವೆ ಎಲ್ಲವನ್ನೂ ನೈಜವಾಗಿ ತೋರಿಸುವಂತಹುದು. ಗೋಡೋ ಚಪ್ಪಟೆ ಚಿತ್ರದ ಆಟಗಳಿಗೆ ಸರಿ, ಇಂತಹುದಕ್ಕೆ ಸಾಲದು ಎಂಬ ಮಾತು ಆಗ ಬಲವಾಗಿತ್ತು. 2023ರ ಶುಲ್ಕದ ಗಲಭೆಯಾದ ಮೇಲೆ ಅವರು ಆಟದ ಒಂದೊಂದು ಅಂಗವನ್ನೂ ಗೋಡೋಗೆ ಸಾಗಿಸಿ, ಏನಾಯಿತು, ಏನಾಗಲಿಲ್ಲ ಎಂಬುದನ್ನು ವೀಡಿಯೋಗಳ ಮೂಲಕ ಎಲ್ಲರಿಗೂ ತೋರಿಸುತ್ತ ಹೋದರು. ಮುಂದೆ ಗೋಡೋದಲ್ಲಿ ಕಟ್ಟಿದ ಪ್ರಯೋಗಪ್ರತಿಯನ್ನೇ ಜನರ ಕೈಗೆ ಕೊಟ್ಟರು. ಒಮ್ಮೆ ಕಟ್ಟಿದ್ದನ್ನು ಎರಡನೆಯ ಬಾರಿ ಕಟ್ಟುವಾಗ ಎಲ್ಲಿ ಗೋಡೆ ಬೇಕು, ಎಲ್ಲಿ ಬೇಡ ಎಂಬುದು ಮೊದಲೇ ತಿಳಿದಿರುತ್ತದೆ. ಹೊಸ ಕೆಲಸ ಹಳೆಯದಕ್ಕಿಂತ ಬೇಗ ಸಾಗುವುದಕ್ಕೆ ಉಪಕರಣದ ಗುಣದಷ್ಟೇ ಇದೂ ಕಾರಣ.

ಇತ್ತ ಯೂನಿಟಿಯಾದರೂ ಸುಮ್ಮನಿರಲಿಲ್ಲ. ಹತ್ತೇ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ 22ರಂದು, ಶುಲ್ಕವನ್ನು ಬಹಳಮಟ್ಟಿಗೆ ಸಡಿಲಿಸಿತು. ಹಳೆಯ ಆವೃತ್ತಿಗಳ ಆಟಗಳಿಗೆ ವಿನಾಯಿತಿ ಕೊಟ್ಟಿತು. ಅಕ್ಟೋಬರ್ 9ರಂದು ಮುಖ್ಯಾಧಿಕಾರಿ ಜಾನ್ ರಿಕಿಟೆಲ್ಲೊ ಸ್ಥಾನ ಬಿಟ್ಟಿದ್ದು ಪ್ರಕಟವಾಯಿತು. 2024ರ ಸೆಪ್ಟೆಂಬರ್ 12ರಂದು, ಸರಿಯಾಗಿ ಒಂದು ವರ್ಷ ತುಂಬಿದ ದಿನ, ಆಟಗಳ ಮೇಲಿನ ಆ ಶುಲ್ಕವನ್ನೇ ರದ್ದು ಮಾಡಿತು. ಬಿಟ್ಟುಹೋಗದೆ ಉಳಿದವರೂ ಬಹುಮಂದಿ. ಆಸ್ಟ್ರೇಲಿಯದ ಅಡಿಲೇಡಿನ ಪುಟ್ಟ ತಂಡವಾದ ‘ಟೀಮ್ ಚೆರ್ರಿ’ ವರ್ಷಗಟ್ಟಲೆ ಕಟ್ಟಿದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರಿನಲ್ಲಿ ಹೊರಬಂದಿತು, ಅದು ಯೂನಿಟಿಯ ಆಟವೇ. ಮಾಡು ಹೊದಿಸುವ ಹಂತಕ್ಕೆ ಬಂದ ಮನೆಯನ್ನು ಕೆಡವಿ ಬೇರೆ ನಿವೇಶನ ಹುಡುಕುವುದು ಜಾಣತನವಲ್ಲ. ಕೈಯಲ್ಲಿ ಎಷ್ಟು ತಿಂಗಳ ಖರ್ಚಿದೆ, ಆಟ ಎಷ್ಟು ಪಾಲು ಮುಗಿದಿದೆ, ಯಾವ ಯಂತ್ರಗಳಲ್ಲಿ ಮಾರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳದೆ, ನೆರೆಯವರು ಹೊರಟರೆಂದು ಗಂಟುಮೂಟೆ ಕಟ್ಟಿದವರು ಅರ್ಧದಾರಿಯಲ್ಲಿ ಎರಡು ಎಂಜಿನ್ನುಗಳನ್ನೂ ಬಿಟ್ಟುಕೊಟ್ಟಂತಾಗುತ್ತದೆ.

2023ರ ಆ ಸೆಪ್ಟೆಂಬರಿನಲ್ಲಿಯೇ ‘ರೀ-ಲಾಜಿಕ್’ ಎಂಬ ಸಂಸ್ಥೆ ಗೋಡೋಗೆ ಒಂದು ಲಕ್ಷ ಡಾಲರನ್ನೂ, ‘ಎಫ್‌ಎನ್‌ಎ’ ಎಂಬ ಇನ್ನೊಂದು ಮುಕ್ತ ಉಪಕರಣಕ್ಕೆ ಒಂದು ಲಕ್ಷ ಡಾಲರನ್ನೂ ದಾನ ಕೊಟ್ಟಿತು. ಅದಲ್ಲದೆ ಎರಡಕ್ಕೂ ತಿಂಗಳಿಗೆ ಸಾವಿರ ಡಾಲರಿನಂತೆ ಕೊಡುವುದಾಗಿ ಹೇಳಿತು. ಪ್ರತಿಯಾಗಿ ಕೇಳಿದ್ದು ಇಷ್ಟೇ: ಅವರು ಒಳ್ಳೆಯ ಜನರಾಗಿಯೇ ಉಳಿಯಬೇಕು, ಉಪಕರಣವನ್ನು ಬಲವಾಗಿಯೂ ಎಲ್ಲರ ಕೈಗೆ ಎಟುಕುವಂತೆಯೂ ಬೆಳೆಸುತ್ತ ಹೋಗಬೇಕು. ರೀ-ಲಾಜಿಕ್‌ನವರ ಪ್ರಸಿದ್ಧ ಆಟ ‘ಟೆರೇರಿಯಾ’. 2011ರಲ್ಲಿ ಹೊರಬಂದ ಆ ಆಟದಲ್ಲಿ ಗೋಡೋದ ಒಂದು ಸಾಲೂ ಇಲ್ಲ.